ಹಕ್ಕಿಗಿಂತ ಮೊದಲು ಪಂಜರ

ನಾವು ನಾಲ್ಕು ಜನ. ಒಬ್ಬ ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಇಸಿ, ಒಬ್ಬ ಸಿಎಸ್. ಹಾಸ್ಟೆಲ್ ಊಟ ಸಾಕಾಗಿ ಕಾಲೇಜಿನ ಹಿಂದಿನ ಬಡಾವಣೆಯಲ್ಲಿ ಎರಡು ರೂಮಿನ ಮನೆ ಬಾಡಿಗೆಗೆ ಹಿಡಿದೆವು. ವಾರ್ಡನ್ ಕಾಟ ಇಲ್ಲ, ಸ್ವಂತ ಮನೆ ಇದ್ದಹಾಗೆ. ಆ ಖುಷಿಯಲ್ಲೇ ಒಂದು ಹಕ್ಕಿ ಸಾಕೋಣ ಅಂತ ತೀರ್ಮಾನವಾಯ್ತು. ಅದೇ ಭಾನುವಾರ ಅಂಗಡಿಗೆ ಹೋಗಿ ಹಸಿರು ಮೈ, ಹಳದಿ ಮುಖದ ಒಂದು ‘ಲವ್ ಬರ್ಡ್’ ತಂದೆವು. ಪಂಜರ ಯಾವುದು ಬೇಕು ಅಂತ ನಾವು ಯೋಚನೆಯೇ ಮಾಡಿರಲಿಲ್ಲ. ಅಂಗಡಿಯಲ್ಲಿ ಬಂಗಾರದ ಬಣ್ಣದ ಗುಂಡು ಪಂಜರವೊಂದು ನೇತಾಡ್ತಿತ್ತು. ‘ಒಂದೇ ಹಕ್ಕಿ ಅಲ್ವಾ ಸಾರ್, ಇದು ಧಾರಾಳವಾಯ್ತು’ ಅಂದರು. ಸರಿ ಅಂತ ಹಿಡಿದುಕೊಂಡು ಬಂದೆವು.

ಅವನಿಗೆ ಪಚ್ಚು ಅಂತ ಹೆಸರಿಟ್ಟೆವು. ಪಚ್ಚು ನಮ್ಮ ಜೊತೆ ಇದ್ದದ್ದು ಮೂರು ವಾರ ಅಷ್ಟೇ.

ಅವತ್ತು ಎರಡನೇ ಇಂಟರ್ನಲ್ಸ್. ಬೆಳಗ್ಗೆ ಕರೆಂಟ್ ಇರಲಿಲ್ಲ, ಹಾಗಾಗಿ ಫ್ಯಾನಿನ ಸ್ವಿಚ್ ಆನ್ ಆಗೇ ಇರೋದನ್ನ ಯಾರೂ ಗಮನಿಸಲಿಲ್ಲ. ಆ ಪಂಜರದ ಬಾಗಿಲು ಮೇಲಕ್ಕೆ ಸರಿಸಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುವಂಥದ್ದು. ಚಿಲಕ ಇಲ್ಲ. ಪಚ್ಚು ಕೊಕ್ಕಿನಿಂದ ಅದನ್ನ ಎತ್ತಿ ಹೊರಗೆ ಬಂದಿದ್ದ. ಮಧ್ಯಾಹ್ನ ಯಾವಾಗಲೋ ಕರೆಂಟ್ ಬಂದಿದೆ. ಸಂಜೆ ನಾವು ಬಾಗಿಲು ತೆಗೆದಾಗ ಫ್ಯಾನ್ ತಿರುಗ್ತಾ ಇತ್ತು, ಪಚ್ಚು ನೆಲದ ಮೇಲಿದ್ದ.

ಯಾರ ತಪ್ಪು ಅಂತ ಸ್ವಲ್ಪ ಹೊತ್ತು ಜಗಳ ಆಡಿದೆವು. ಆಮೇಲೆ ಸುಮ್ಮನಾದೆವು. ತಪ್ಪು ನಾಲ್ಕೂ ಜನರದ್ದು, ಅದೂ ಅವತ್ತಿನದಲ್ಲ. ಪಂಜರ ಕೊಂಡ ದಿನವೇ ಆದ ತಪ್ಪು ಅದು. ಹತ್ತು ರೂಪಾಯಿಯ ಒಂದು ಕ್ಲಿಪ್ ಆ ಬಾಗಿಲಿಗೆ ಇದ್ದಿದ್ದರೆ ಅವನು ಬದುಕ್ತಿದ್ದ.

ನಂತರ ಆರು ತಿಂಗಳು ನಾವು ಹಕ್ಕಿ ತರಲಿಲ್ಲ. ಓದಿದೆವು, ಪಶುವೈದ್ಯರನ್ನ ಕೇಳಿದೆವು, ಹಕ್ಕಿ ಸಾಕಿ ಅನುಭವ ಇದ್ದವರ ಮನೆಗೆ ಹೋಗಿ ನೋಡಿದೆವು. ಈಗ ನಮ್ಮಲ್ಲಿ ಎರಡು ಹಕ್ಕಿಗಳಿವೆ, ಬಂದು ಒಂದು ವರ್ಷದ ಮೇಲಾಯ್ತು. ಈ ಸಲ ಪಂಜರ ಮೊದಲು ಬಂತು, ಹಕ್ಕಿ ಆಮೇಲೆ. ಕ್ಯಾಂಪಸ್ಸಿನಲ್ಲಿ ಎಷ್ಟೋ ಜನ ‘ನಾವೂ ಒಂದು ಸಾಕೋಣ ಅಂತಿದ್ದೀವಿ’ ಅಂತ ಕೇಳ್ತಾರೆ. ಅವರಿಗೆಲ್ಲ ಒಂದೇ ಸಲ ಹೇಳಿಬಿಡೋಣ ಅಂತ ಈ ಲೇಖನ.

ಗಿಳಿ ಬೇರೆ, ಇದು ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಜ್ಜಿ ಮನೆಯ ಜಗುಲಿಯಲ್ಲಿ ಪಂಜರದೊಳಗೆ ‘ರಾಮ ರಾಮ’ ಅಂತಿದ್ದ ಗಿಳಿ, ಜಾತ್ರೆಯಲ್ಲಿ ಗಿಣಿಶಾಸ್ತ್ರದವರು ಕಾರ್ಡು ತೆಗೆಸ್ತಿದ್ದ ಗಿಳಿ, ಇವೆಲ್ಲ ನಮ್ಮ ದೇಶದ ಕಾಡುಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಹಿಡಿಯೋದು, ಮಾರೋದು, ಮನೆಯಲ್ಲಿ ಕೂಡಿಹಾಕೋದು ಅಪರಾಧ. ಕೊರಳಲ್ಲಿ ಗುಲಾಬಿ ಪಟ್ಟಿ ಇರೋ ಗಿಳಿಯಾಗಲಿ, ಭುಜದ ಮೇಲೆ ಕೆಂಪು ಮಚ್ಚೆ ಇರೋ ದೊಡ್ಡ ಗಿಳಿಯಾಗಲಿ, ಯಾರಾದರೂ ‘ಮರಿ ಇದೆ, ಕಡಿಮೆಗೆ ಕೊಡ್ತೀನಿ’ ಅಂದರೆ ಕೊಳ್ಳಬೇಡಿ. ಅದು ಯಾವುದೋ ಮರದ ಪೊಟರೆಯಿಂದ ಕಿತ್ತು ತಂದ ಮರಿ.

ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅನ್ನೋ ಹೆಸರಲ್ಲಿ ಸಿಗೋ ಪುಟ್ಟ ಹಕ್ಕಿಯ ನಿಜವಾದ ಹೆಸರು ಬಜೆರಿಗಾರ್, ಚಿಕ್ಕದಾಗಿ ಬಡ್ಜಿ. ಇದೂ ಗಿಳಿಗಳ ಗುಂಪಿಗೇ ಸೇರಿದ್ದು, ಆದರೆ ಊರು ಆಸ್ಟ್ರೇಲಿಯಾದ ಒಣ ಬಯಲು. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಲ್ಲಿಂದಾಚೆಗೆ ತಲೆತಲಾಂತರದಿಂದ ಪಂಜರದಲ್ಲೇ ಮರಿಯಾಗಿ ಬಂದ ಹಕ್ಕಿಗಳು ಇವತ್ತು ನಮ್ಮ ಅಂಗಡಿಗಳಲ್ಲಿರೋದು. ನಮ್ಮ ಕಾಡಿನ ಹಕ್ಕಿ ಅಲ್ಲದ್ದರಿಂದ ಗಿಳಿಗೆ ಇರುವ ನಿಷೇಧ ಇದಕ್ಕಿಲ್ಲ. ಹಾಗಂತ ‘ಪಾಪ, ಹಾರಿಹೋಗಲಿ’ ಅಂತ ಹೊರಗೆ ಬಿಟ್ಟರೂ ಇದು ಬದುಕಲ್ಲ. ಕಾಗೆ ಹದ್ದುಗಳಿಂದ ತಪ್ಪಿಸಿಕೊಳ್ಳೋದು ಇದಕ್ಕೆ ಗೊತ್ತಿಲ್ಲ, ಇಲ್ಲಿ ಊಟ ಹುಡುಕೋದೂ ಗೊತ್ತಿಲ್ಲ. ಅಂದ್ರೆ ಒಮ್ಮೆ ತಂದ ಮೇಲೆ ಅದರ ಇಡೀ ಪ್ರಪಂಚ ನೀವು ಆರಿಸಿದ ಪಂಜರ. ಮುಂದೆ ಹೇಳೋದೆಲ್ಲ ಈ ಬಡ್ಜಿಯ ಬಗ್ಗೆ.

ಹಕ್ಕಿಯ ಅಳತೆ, ಆಮೇಲೆ ಪಂಜರದ ಅಳತೆ

ಬಡ್ಜಿಯ ಉದ್ದ ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 18 ಸೆಂ.ಮೀ., ತೂಕ 30ರಿಂದ 40 ಗ್ರಾಂ. ರೆಕ್ಕೆ ಪೂರ್ತಿ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 30 ಸೆಂ.ಮೀ. ಈಗ ನಮ್ಮ ಗುಂಡು ಪಂಜರದ ವ್ಯಾಸ ಎಷ್ಟು ಗೊತ್ತಾ? ಅದೂ 30 ಸೆಂ.ಮೀ. ನಡುವೆ ಕೋಲು, ಉಯ್ಯಾಲೆ, ಗಂಟೆ ಬೇರೆ. ಅಂದ್ರೆ ಪಚ್ಚು ಮೂರು ವಾರದಲ್ಲಿ ಒಮ್ಮೆಯೂ ರೆಕ್ಕೆ ಪೂರ್ತಿ ಬಿಚ್ಚೋಕೆ ಆಗಿರಲಿಲ್ಲ. ಅವನ ಬಾಲದ ಪುಕ್ಕದ ತುದಿಗಳೆಲ್ಲ ಕಂಬಿಗೆ ಉಜ್ಜಿ ಸೀಳಿಹೋಗಿದ್ದವು. ನಾವು ಅದನ್ನ ‘ಸ್ಟೈಲ್’ ಅಂದುಕೊಂಡಿದ್ದೆವು!

ಪಂಜರ ಕೊಳ್ಳುವಾಗ ಎಲ್ಲರೂ ಎತ್ತರ ನೋಡ್ತಾರೆ. ನೋಡಬೇಕಾದ್ದು ಅಗಲ. ಬಡ್ಜಿ ಹೆಲಿಕಾಪ್ಟರ್ ಅಲ್ಲ, ವಿಮಾನ. ನೇರವಾಗಿ ಮೇಲಕ್ಕೇಳಲ್ಲ, ಮುಂದಕ್ಕೆ ಹಾರುತ್ತೆ. ಒಂದು ಲೆಕ್ಕ ನೋಡಿ. 35 × 35 × 120 ಸೆಂ.ಮೀ. ಗೋಪುರದಂಥ ಪಂಜರದ ಘನಗಾತ್ರ 147 ಲೀಟರ್. 75 × 45 × 45 ಸೆಂ.ಮೀ. ಪೆಟ್ಟಿಗೆಯಂಥ ಪಂಜರದ್ದು ಸುಮಾರು 152 ಲೀಟರ್. ಹೆಚ್ಚುಕಮ್ಮಿ ಒಂದೇ. ಆದರೆ ಮೊದಲನೆಯದರಲ್ಲಿ ಹಾರೋ ದಾರಿ 35 ಸೆಂ.ಮೀ., ಎರಡನೆಯದರಲ್ಲಿ 75. ಮೊದಲನೆಯದರಲ್ಲಿ ಹಕ್ಕಿ ಕುಪ್ಪಳಿಸುತ್ತೆ, ಎರಡನೆಯದರಲ್ಲಿ ನಾಲ್ಕಾರು ಸಲ ರೆಕ್ಕೆ ಬಡಿಯುತ್ತೆ.

ಒಂದು ಜೋಡಿಗೆ ಈ 75 × 45 × 45 ಅಳತೆಯನ್ನ ಕನಿಷ್ಠ ಅಂತ ಇಟ್ಟುಕೊಳ್ಳಿ. ಇಂಚಿನಲ್ಲಿ ಹೇಳಬೇಕಂದ್ರೆ 30 × 18 × 18. ದುಡ್ಡು, ಜಾಗ ಎರಡೂ ಇದ್ದರೆ ಇನ್ನೂ ದೊಡ್ಡದು ತನ್ನಿ, ಯಾವ ಹಕ್ಕಿಯೂ ಬೇಡ ಅನ್ನಲ್ಲ. ಆಕಾರ ಚೌಕ ಅಥವಾ ಆಯತ ಇರಲಿ. ಗುಂಡು ಪಂಜರದಲ್ಲಿ ಹಕ್ಕಿಗೆ ಹಿಂದೆ ಸರಿದು ಕೂರೋಕೆ ಒಂದು ಮೂಲೆಯೂ ಇರಲ್ಲ. ಜೊತೆಗೆ ಗುಮ್ಮಟದ ತುದಿಯಲ್ಲಿ ಕಂಬಿಗಳೆಲ್ಲ ಒಂದಕ್ಕೊಂದು ಹತ್ತಿರ ಬಂದು ಸೇರೋ ಕಡೆ ಬೆರಳೋ ಉಗುರೋ ಸಿಕ್ಕಿಕೊಳ್ಳೋ ಅಪಾಯ ಬೇರೆ.

ಕಂಬಿ, ಬಾಗಿಲು

ಕಂಬಿಗಳ ನಡುವಿನ ಅಂತರ 10ರಿಂದ 12 ಮಿ.ಮೀ. ಒಳಗೇ ಇರಬೇಕು. ಅದಕ್ಕಿಂತ ಹೆಚ್ಚಾದರೆ ಬಡ್ಜಿ ತಲೆ ತೂರಿಸುತ್ತೆ, ವಾಪಸ್ ತೆಗೆಯೋಕೆ ಬರಲ್ಲ. ಇಂಥ ಕಡೆ ಕಣ್ಣಳತೆ ನಂಬಬೇಡಿ. ನಮ್ಮ ಮೆಕ್ಯಾನಿಕಲ್‌ನವ ಅಂಗಡಿಗೆ ವರ್ನಿಯರ್ ಕ್ಯಾಲಿಪರ್ ತಗೊಂಡು ಹೋಗಿದ್ದ. ಅಂಗಡಿಯವರು ನಕ್ಕರು, ನಕ್ಕರೆ ನಗಲಿ. ಒಂದೇ ಪಂಜರದಲ್ಲಿ ಮುಂದೆ 12 ಮಿ.ಮೀ., ಬಾಗಿಲಿನ ಪಕ್ಕ 17 ಮಿ.ಮೀ. ಇದ್ದದ್ದು ಗೊತ್ತಾಗಿದ್ದೇ ಆ ವರ್ನಿಯರ್‌ನಿಂದ. ಕ್ಯಾಲಿಪರ್ ಇಲ್ಲದಿದ್ದರೆ ಸ್ಟೀಲ್ ಸ್ಕೇಲ್ ಸಾಕು. ಅಳೆಯೋದು ಒಂದು ಕಡೆ ಅಲ್ಲ, ಎಲ್ಲ ಕಡೆ, ಮುಖ್ಯವಾಗಿ ಬಾಗಿಲಿನ ಸುತ್ತ ಮತ್ತು ಕೆಳಗಿನ ತಟ್ಟೆಯ ಸಂದಿಯಲ್ಲಿ. ಎರಡು ಬದಿಯಲ್ಲಾದರೂ ಕಂಬಿಗಳು ಅಡ್ಡಕ್ಕೆ ಇದ್ದರೆ ಒಳ್ಳೇದು. ಬಡ್ಜಿ ಕೊಕ್ಕನ್ನ ಮೂರನೇ ಕಾಲಿನ ಥರ ಬಳಸಿ ಹತ್ತುತ್ತೆ, ನೆಟ್ಟಗಿನ ಕಂಬಿಯಲ್ಲಿ ಜಾರುತ್ತೆ.

ಬಾಗಿಲು ಎರಡು ಥರ. ಕಬ್ಜ ಇದ್ದು ಪಕ್ಕಕ್ಕೆ ತೆರೆದು ಚಿಲಕ ಹಾಕೋದು ಒಂದು, ಮೇಲಕ್ಕೆ ಸರಿಸೋದು ಇನ್ನೊಂದು. ಮೊದಲನೆಯದನ್ನೇ ಆರಿಸಿ. ಎರಡನೆಯದರಲ್ಲಿ ಹಕ್ಕಿ ತಪ್ಪಿಸಿಕೊಳ್ಳೋದು ಒಂದೇ ಅಪಾಯ ಅಲ್ಲ. ಅರ್ಧ ಎತ್ತಿ ತಲೆ ಹೊರಗೆ ಹಾಕಿದಾಗ ಬಾಗಿಲು ಕುತ್ತಿಗೆ ಮೇಲೆ ಬೀಳಬಹುದು. ಊಟದ ಬಟ್ಟಲಿಡೋ ಚಿಕ್ಕ ಬಾಗಿಲುಗಳಂತೂ ಎಷ್ಟೋ ಪಂಜರದಲ್ಲಿ ಈ ಸರಿಸೋ ಥರವೇ ಇರ್ತವೆ. ಈಗಾಗಲೇ ಅಂಥ ಪಂಜರ ಇದ್ದರೆ ಇವತ್ತೇ ಪ್ರತಿ ಬಾಗಿಲಿಗೂ ಒಂದೊಂದು ಕ್ಲಿಪ್ ಹಾಕಿ. ಕೀ ಚೈನಿನ ಸ್ಪ್ರಿಂಗ್ ಕೊಕ್ಕೆಯಾದರೂ ಸರಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡೋದಾದರೆ ಇದನ್ನ ನೆನಪಿಡಿ.

ಲೋಹದ ವಿಷಯ

ಬಡ್ಜಿ ದಿನವಿಡೀ ಕಂಬಿ ಕಚ್ಚುತ್ತೆ, ನೆಕ್ಕುತ್ತೆ. ಹಾಗಾಗಿ ಕಂಬಿ ಯಾವ ಲೋಹದ್ದು ಅನ್ನೋದು ಊಟದ ವಿಷಯ ಇದ್ದಹಾಗೆ.

ಎಲ್ಲಕ್ಕಿಂತ ಒಳ್ಳೇದು ಸ್ಟೇನ್‌ಲೆಸ್ ಸ್ಟೀಲ್, ಆದರೆ ದುಬಾರಿ. ಅದರ ನಂತರ ಒಳ್ಳೆ ಪೌಡರ್ ಕೋಟಿಂಗ್ ಇರೋದು. ಉಗುರಿನಿಂದ ಕೆರೆದು ನೋಡಿ, ಬಣ್ಣ ಪುಡಿಯಾಗಿ ಬಂದರೆ ಬೇಡ. ನಮ್ಮ ಗುಂಡು ಪಂಜರದ ‘ಬಂಗಾರ’ ಎರಡನೇ ವಾರಕ್ಕೇ ಸಿಪ್ಪೆ ಏಳೋಕೆ ಶುರುವಾಗಿತ್ತು. ಅದರಲ್ಲಿ ಎಷ್ಟು ಪಚ್ಚುವಿನ ಹೊಟ್ಟೆಗೆ ಹೋಗಿತ್ತೋ.

ನಮ್ಮೂರುಗಳಲ್ಲಿ ಹೆಚ್ಚು ಜನ ವೆಲ್ಡಿಂಗ್ ಶಾಪಿನಲ್ಲಿ ಹೇಳಿ ಮೆಶ್ ಪಂಜರ ಮಾಡಿಸ್ತಾರೆ. ಬೇಕಾದ ಅಳತೆಗೆ ಸಿಗುತ್ತೆ, ಅಗ್ಗ. ಆದರೆ ಆ ಮೆಶ್ ಸಾಮಾನ್ಯವಾಗಿ ಸತುವಿನ ಲೇಪ ಇರೋ ಜಿಐ ತಂತಿಯದ್ದು. ಸತು ನಮಗೆ ಅಷ್ಟಾಗಿ ಏನೂ ಮಾಡಲ್ಲ, 35 ಗ್ರಾಂ ಹಕ್ಕಿಗೆ ಅದು ವಿಷ. ಹೊಸ ಮೆಶ್‌ನಲ್ಲಿ ಅಲ್ಲಲ್ಲಿ ಗಂಟು ಕಟ್ಟಿರೋ, ಪುಡಿಯಾಗಿ ಕೂತಿರೋ ಸತುವೇ ಮೊದಲ ಶತ್ರು. ಮೆಶ್ ಪಂಜರವೇ ಗತಿ ಅಂದ್ರೆ ಬ್ರಶ್ಶಿಗೆ ವಿನಿಗರ್ ಹಚ್ಚಿ ಒಂದೊಂದು ಗಂಟನ್ನೂ ಉಜ್ಜಿ, ನೀರಲ್ಲಿ ಚೆನ್ನಾಗಿ ತೊಳೆದು, ಬಿಸಿಲಲ್ಲಿ ಒಣಗಿಸಿ. ಇದರಿಂದ ಅಪಾಯ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಹಕ್ಕಿ ಮಂಕಾಗಿ ಪುಕ್ಕ ಉಬ್ಬಿಸಿ ಕೂತು, ವಾಂತಿ ಮಾಡ್ತಾ ಇದ್ದರೆ ಕಾಯಬೇಡಿ, ಅವತ್ತೇ ವೈದ್ಯರ ಹತ್ತಿರ ಹೋಗಿ.

ಇಸಿಯವರಿಗೆ ಒಂದು ವಿಶೇಷ ಮಾತು. ನಾವು ಪ್ರಾಜೆಕ್ಟಿಗೆ ಬಳಸೋ ಮಾಮೂಲಿ 60/40 ಸೋಲ್ಡರ್ ತಂತಿಯಲ್ಲಿ 40 ಭಾಗ ಸೀಸ. ಮೇಜಿನ ಮೇಲೆ ಬಿದ್ದ ಸೋಲ್ಡರ್ ಚೂರು ಬಡ್ಜಿಗೆ ಹೊಳೆಯೋ ಕಾಳಿನ ಥರ ಕಾಣುತ್ತೆ. ಸೋಲ್ಡರಿಂಗ್ ಮಾಡೋ ರೂಮಲ್ಲಿ ಪಂಜರ ಬೇಡವೇ ಬೇಡ. ಸೀಸ ಒಂದು ಕಾರಣ, ಹೊಗೆ ಇನ್ನೊಂದು.

ಎಲ್ಲಿ ಇಡೋದು?

ಹೊಗೆಯ ವಿಷಯ ಬಂತಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀವಿ. ನಮ್ಮ ಶ್ವಾಸಕೋಶದಲ್ಲಿ ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ, ಹಳೆ ಗಾಳಿ ಹೊಸ ಗಾಳಿ ಬೆರೆಯುತ್ತೆ. ಹಕ್ಕಿಗಳದ್ದು ಹಾಗಲ್ಲ. ಅವುಗಳ ಮೈಯಲ್ಲಿ ಗಾಳಿಚೀಲಗಳಿವೆ. ಅವು ತಿದಿಗಳ ಥರ ಕೆಲಸ ಮಾಡಿ ಶ್ವಾಸಕೋಶದೊಳಗೆ ಗಾಳಿಯನ್ನ ಒಂದೇ ದಿಕ್ಕಿನಲ್ಲಿ ಹರಿಸ್ತವೆ. ಒಳಗೆಳೆದಾಗಲೂ ಹೊರಬಿಟ್ಟಾಗಲೂ ಶ್ವಾಸಕೋಶಕ್ಕೆ ಹೊಸ ಗಾಳಿ ಸಿಗ್ತಾನೇ ಇರುತ್ತೆ. ಹಾರೋಕೆ ಬೇಕಾದಷ್ಟು ಆಮ್ಲಜನಕ ಸಿಗೋದು ಹೀಗೆ. ಆದರೆ ಗಾಳಿಯಲ್ಲಿ ವಿಷ ಇದ್ದರೆ ಅದನ್ನೂ ಅಷ್ಟೇ ಚೆನ್ನಾಗಿ ಹೀರಿಕೊಳ್ಳುತ್ತೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1980ರ ದಶಕದವರೆಗೂ ವಿಷಾನಿಲದ ಮುನ್ಸೂಚನೆಗೆ ಕ್ಯಾನರಿ ಹಕ್ಕಿಗಳನ್ನ ಇಟ್ಟುಕೊಳ್ತಿದ್ದದ್ದು ಇದೇ ಕಾರಣಕ್ಕೆ.

ಹಾಗಾಗಿ ಅಡುಗೆಮನೆ ಬೇಡ. ನಾನ್‌ಸ್ಟಿಕ್ ತವಾ ಒಲೆ ಮೇಲೆ ಮರೆತು ಹೆಚ್ಚು ಕಾದರೆ ಅದರ ಲೇಪದಿಂದ ಬರೋ ಅನಿಲ ನಮ್ಮ ಮೂಗಿಗೆ ಗೊತ್ತೂ ಆಗಲ್ಲ, ಹಕ್ಕಿ ಕೆಲವೇ ನಿಮಿಷದಲ್ಲಿ ಸಾಯಬಹುದು. ನಾವು ದೋಸೆಗೆ ಕಬ್ಬಿಣದ ಕಾವಲಿಗೆ ಬದಲಾಯಿಸಿದೆವು. ಮೊದಲ ಹತ್ತು ದೋಸೆ ಎದ್ದು ಬರಲಿಲ್ಲ, ಈಗ ಬರ್ತವೆ. ಸೊಳ್ಳೆಬತ್ತಿ, ಸೊಳ್ಳೆಗೆ ಹಾಕೋ ಲಿಕ್ವಿಡ್, ಊದುಬತ್ತಿ, ಡಿಯೋಡರೆಂಟ್, ಸಿಗರೇಟು, ಹೊಸ ಪೇಂಟು, ಇವು ಯಾವುದೂ ಹಕ್ಕಿ ಇರೋ ರೂಮಲ್ಲಿ ಬೇಡ. ಸೊಳ್ಳೆಗೆ ಕಿಟಕಿಗೆ ಜಾಲರಿ ಹೊಡೆಸಿ. ಹಕ್ಕಿಗೂ ಅದೇ ರಕ್ಷಣೆ.

ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ. ನಾಲ್ಕೂ ಕಡೆ ಬಯಲಾದರೆ ಹಕ್ಕಿಗೆ ಯಾವ ಕಡೆಯಿಂದ ಏನು ಬರುತ್ತೋ ಅನ್ನೋ ಭಯ. ಎತ್ತರ ನಮ್ಮ ಎದೆಯಿಂದ ಕಣ್ಣಿನ ಮಟ್ಟಕ್ಕೆ. ಬೆಳಕು ಬೇಕು, ಆದರೆ ಮಧ್ಯಾಹ್ನದ ನೇರ ಬಿಸಿಲು ಇಡೀ ಪಂಜರದ ಮೇಲೆ ಬೀಳಬಾರದು. ತೂಗುಹಾಕೋದು ನೋಡೋಕೆ ಚೆಂದ, ಹಕ್ಕಿಗೆ ಸದಾ ಅಲ್ಲಾಡೋ ಮನೆ. ಗಟ್ಟಿ ಮೇಜಿನ ಮೇಲಿಡಿ. ಇರುವೆ ಕಾಟಕ್ಕೆ ನಮ್ಮ ಅಜ್ಜಿಯಂದಿರ ಉಪಾಯವೇ ಸಾಕು, ಮೇಜಿನ ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು. ಬಾಲ್ಕನಿಯಲ್ಲಿ ಒಂಟಿಯಾಗಿ ಬಿಡಬೇಡಿ. ಬೆಕ್ಕು, ಕಾಗೆ, ಹಾವು ಯಾವುದಕ್ಕೂ ಎರಡನೇ ಮಹಡಿ ದೂರವಲ್ಲ.

ಇನ್ನು ನಿದ್ದೆ. ಬಡ್ಜಿಗೆ ಕತ್ತಲಲ್ಲಿ 10ರಿಂದ 12 ಗಂಟೆ ನಿದ್ದೆ ಬೇಕು. ಸಬ್‌ಮಿಶನ್ ವಾರದಲ್ಲಿ ರಾತ್ರಿ ಮೂರರವರೆಗೆ ಲೈಟು ಹಾಕಿ ಕೂರೋ ರೂಮು ಅದಕ್ಕೆ ಆಗಿಬರಲ್ಲ. ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ಹಕ್ಕಿಗಳ ರೂಮಿನ ಲೈಟು ಆಫ್. ಪಂಜರದ ಮೂರು ಬದಿಗೆ ತೆಳು ಹತ್ತಿ ಬಟ್ಟೆ. ಓದೋರು ಇನ್ನೊಂದು ರೂಮಿಗೆ.

ಒಳಗೆ: ಕೊಂಬೆ, ಕಾಳು, ನೀರು

ಪಂಜರದ ಜೊತೆ ಬರೋ ಪ್ಲಾಸ್ಟಿಕ್ ಕೋಲುಗಳನ್ನ ತೆಗೆದು ಪಕ್ಕಕ್ಕಿಡಿ. ಬಡ್ಜಿಗೆ ಮುಂದೆ ಎರಡು, ಹಿಂದೆ ಎರಡು ಬೆರಳು. ಅದು ಮಲಗೋದೂ ಕಾಲ ಮೇಲೇ, ನಿಂತಲ್ಲೇ. ಒಂದೇ ದಪ್ಪದ ನುಣುಪು ಕೋಲಿನ ಮೇಲೆ ದಿನಗಟ್ಟಲೆ ನಿಂತರೆ ಪಾದದ ಒಂದೇ ಜಾಗಕ್ಕೆ ಭಾರ ಬಿದ್ದು ಅಲ್ಲಿ ಹುಣ್ಣಾಗುತ್ತೆ. ಮರದ ಕೊಂಬೆಯಲ್ಲಿ ದಪ್ಪ ಬೇರೆಬೇರೆ ಇರುತ್ತೆ, ಭಾರವೂ ಹಂಚಿಹೋಗುತ್ತೆ. ಕ್ಯಾಂಪಸ್ಸಿನಲ್ಲಿ ಬೇವು, ಸೀಬೆ ಮರಗಳಿಗೇನು ಬರವಿಲ್ಲ. ಔಷಧಿ ಹೊಡೆಯದ ಮರದಿಂದ 10ರಿಂದ 20 ಮಿ.ಮೀ. ದಪ್ಪದ ಮೂರ್ನಾಲ್ಕು ಕೊಂಬೆ ತಂದು, ತೊಳೆದು, ಬಿಸಿಲಲ್ಲಿ ಒಣಗಿಸಿ ಹಾಕಿ. ಹಕ್ಕಿಯ ಬೆರಳು ಕೊಂಬೆಯ ಮುಕ್ಕಾಲು ಸುತ್ತು ಹಿಡಿಯಬೇಕು, ಪೂರ್ತಿ ಸುತ್ತಿ ಉಗುರಿಗೆ ಉಗುರು ತಾಗಿದರೆ ಕೊಂಬೆ ಸಣ್ಣದಾಯ್ತು ಅಂತ ಅರ್ಥ. ಕಣಗಿಲೆ ಮಾತ್ರ ಮುಟ್ಟಬೇಡಿ, ಅದು ವಿಷ. ಉಗುರು ಸವೆಯಲಿ ಅಂತ ಮಾರೋ ಉಪ್ಪುಕಾಗದ ಸುತ್ತಿದ ಕೋಲೂ ಬೇಡ, ಉಗುರಿಗಿಂತ ಮೊದಲು ಪಾದ ಸವೆಯುತ್ತೆ.

ಕೊಂಬೆ ಜೋಡಿಸೋದರಲ್ಲೂ ಒಂದು ಲೆಕ್ಕ ಇದೆ. ಎರಡು ತುದಿಯಲ್ಲಿ ಎತ್ತರದ ಕೊಂಬೆ, ನಡುವೆ ಖಾಲಿ. ಆ ಖಾಲಿ ಜಾಗವೇ ಅದರ ರನ್‌ವೇ. ಕಾಳು ನೀರಿನ ಬಟ್ಟಲಿನ ನೇರ ಮೇಲೆ ಯಾವ ಕೊಂಬೆಯೂ ಇರಬಾರದು, ಇಲ್ಲದಿದ್ದರೆ ಹಿಕ್ಕೆ ಬೀಳೋದು ಊಟದಲ್ಲೇ.

ಬಡ್ಜಿಯ ಮುಖ್ಯ ಊಟ ಸಿರಿಧಾನ್ಯ. ಅಂಗಡಿಯಲ್ಲಿ ‘ಬರ್ಡ್ ಫೀಡ್’ ಅಂತ ಬರೋ ಪ್ಯಾಕೆಟ್ಟಿನಲ್ಲಿ ಹೆಚ್ಚಾಗಿ ಇರೋದು ನಮ್ಮ ನವಣೆಯೇ. ನಮ್ಮ ಸಿವಿಲ್‌ನವನ ಊರು ಚಿತ್ರದುರ್ಗದ ಕಡೆ. ಅವನು ಹಬ್ಬಕ್ಕೆ ಹೋದಾಗ ಸಿಪ್ಪೆ ಸಮೇತ ನವಣೆ, ಜೊತೆಗೆ ನಾಲ್ಕು ಒಣಗಿದ ತೆನೆ ತಂದುಕೊಡ್ತಾನೆ. ತೆನೆಯನ್ನ ಕಂಬಿಗೆ ಸಿಕ್ಕಿಸಿದರೆ ಊಟವೂ ಆಯ್ತು, ಆಟವೂ ಆಯ್ತು. ಆದರೆ ಬರೀ ಕಾಳು ತಿಂದ ಹಕ್ಕಿಗೆ ಎ ಜೀವಸತ್ವ ಸಾಲಲ್ಲ. ದಿನಾ ಸ್ವಲ್ಪ ಕೊತ್ತಂಬರಿ, ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್ ಇರಲಿ. ಸೊಪ್ಪು ಚೆನ್ನಾಗಿ ತೊಳೆಯಿರಿ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ಕೊಡಲೇಬಾರದು. ಸುಣ್ಣದ ಅಂಶಕ್ಕೆ ಒಂದು ಕಟಲ್ ಬೋನ್ ಕಂಬಿಗೆ ಕಟ್ಟಿಡಿ.

ಹೊಸಬರು ತಪ್ಪದೆ ಮೋಸ ಹೋಗೋ ವಿಷಯ ಒಂದಿದೆ. ಬಡ್ಜಿ ಕಾಳನ್ನ ಸುಲಿದು ತಿನ್ನುತ್ತೆ, ಹೊಟ್ಟು ಬಟ್ಟಲಲ್ಲೇ ಬೀಳುತ್ತೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದೆ ಅನಿಸುತ್ತೆ. ನಿಜವಾಗಿ ಅದರಲ್ಲಿ ಒಂದು ಕಾಳೂ ಇರಲ್ಲ. ಬಟ್ಟಲು ‘ತುಂಬಿದ್ದರೂ’ ಹಕ್ಕಿ ಉಪವಾಸ ಬೀಳಬಹುದು. ದಿನಾ ಬೆಳಗ್ಗೆ ಬಟ್ಟಲು ಹೊರಗೆ ತೆಗೆದು ಉಫ್ ಅಂತ ಊದಿ, ಉಳಿದದ್ದು ನೋಡಿ. ನೀರು ದಿನಕ್ಕೆ ಎರಡು ಸಲ ಬದಲಿಸಿ.

ತಳಕ್ಕೆ ಹಳೆ ಪೇಪರ್ ಹಾಸಿ, ದಿನಾ ಬದಲಿಸಿ. ಇದು ಬರೀ ಸ್ವಚ್ಛತೆಗಲ್ಲ. ಹಕ್ಕಿಗಳು ಕಾಯಿಲೆಯನ್ನ ಕೊನೆಯವರೆಗೂ ಮುಚ್ಚಿಡ್ತವೆ, ಮೊದಲು ಸುಳಿವು ಕೊಡೋದು ಹಿಕ್ಕೆ. ಸರಿಯಾಗಿದ್ದರೆ ಗಟ್ಟಿ ಹಸಿರು ಭಾಗ, ಪಕ್ಕದಲ್ಲಿ ಬಿಳಿ ಭಾಗ ಇರುತ್ತೆ. ನೀರಾಗಿ ಹರಡಿದ್ದರೆ, ಬಣ್ಣ ಬದಲಾಗಿದ್ದರೆ, ಸಂಖ್ಯೆ ಕಡಿಮೆಯಾಗಿದ್ದರೆ ಏನೋ ಸರಿಯಿಲ್ಲ. ವಾರಕ್ಕೊಮ್ಮೆ ತಟ್ಟೆ, ಕೊಂಬೆ, ಕಂಬಿ ಎಲ್ಲ ಬಿಸಿನೀರಲ್ಲಿ ತೊಳೆದು ಒಣಗಿಸಿ.

ಆಟಿಕೆ, ಕನ್ನಡಿ, ಮಡಕೆ

ಪಂಜರವನ್ನ ಗಣೇಶನ ಪೆಂಡಾಲಿನ ಥರ ಸಿಂಗರಿಸೋ ಆಸೆ ಎಲ್ಲರಿಗೂ ಇರುತ್ತೆ. ಎರಡು ಅಥವಾ ಮೂರು ಆಟಿಕೆ ಸಾಕು. ತಿರುಚಿ ಕಟ್ಟಿದ ಹಸಿ ತೆಂಗಿನ ಗರಿಯ ತುಂಡು ಕೊಟ್ಟರೆ ಒಂದು ಮಧ್ಯಾಹ್ನ ಸೀಳ್ತಾ ಕೂರ್ತವೆ. ಎಳೆ ಬಿಚ್ಚಿಕೊಳ್ಳೋ ದಾರ, ಗೋಣಿನಾರು ಬೇಡ, ಕಾಲಿಗೆ ಸುತ್ತಿಕೊಳ್ಳುತ್ತೆ.

ಒಂಟಿ ಹಕ್ಕಿಗೆ ಜೊತೆ ಅಂತ ಕನ್ನಡಿ ಹಾಕ್ತಾರೆ. ನಾವೂ ಹಾಕಿದ್ದೆವು. ಪಚ್ಚು ದಿನವಿಡೀ ಅದರ ಮುಂದೆ ಕೂತು ಮಾತಾಡ್ತಿದ್ದ, ಕನ್ನಡಿಯೊಳಗಿನವನಿಗೆ ಊಟ ತಿನ್ನಿಸೋಕೆ ನೋಡ್ತಿದ್ದ. ಈಗ ನೆನೆಸಿಕೊಂಡರೆ ಬೇಜಾರಾಗುತ್ತೆ. ಬಡ್ಜಿಗಳು ಆಸ್ಟ್ರೇಲಿಯಾದಲ್ಲಿ ಸಾವಿರಗಟ್ಟಲೆ ಹಿಂಡಿನಲ್ಲಿ ಹಾರೋ ಹಕ್ಕಿ. ದಿನಕ್ಕೆ ಎಂಟು ಗಂಟೆ ಕಾಲೇಜಿಗೆ ಹೋಗೋ ನಮ್ಮಂಥವರ ಮನೆಯಲ್ಲಿ ಒಂಟಿ ಬಡ್ಜಿ ಬೇಡ, ಎರಡು ತನ್ನಿ. ಎರಡೂ ಗಂಡಾದರೆ ಸುಲಭ. ಬೆಳೆದ ಗಂಡಿಗೆ ಸಾಮಾನ್ಯವಾಗಿ ಕೊಕ್ಕಿನ ಮೇಲಿನ ಮೂಗಿನ ಭಾಗ ನೀಲಿ, ಹೆಣ್ಣಿಗೆ ಕಂದು. ಕೆಲವು ಬಣ್ಣದ ತಳಿಗಳಲ್ಲಿ ಈ ಗುರುತು ಸರಿಹೊಂದಲ್ಲ, ಗೊತ್ತಿರೋರನ್ನ ಕೇಳಿ.

ಗಂಡು ಹೆಣ್ಣು ಜೋಡಿಯಾದರೆ ಅಂಗಡಿಯವರು ಕೊಡೋ ಚಿಕ್ಕ ಮಡಕೆ ಕಟ್ಟಬೇಡಿ. ಮಡಕೆ ಕಂಡರೆ ಗೂಡು ಅಂದುಕೊಂಡು ಮೊಟ್ಟೆ ಇಡೋಕೆ ಶುರು ಮಾಡ್ತವೆ. ಪರೀಕ್ಷೆ ಹೊತ್ತಿಗೆ ಎರಡು ಹಕ್ಕಿ ಏಳಾಗಿರುತ್ತೆ. ಮೇಲಿಂದ ಮೇಲೆ ಮೊಟ್ಟೆ ಇಟ್ಟು ಹೆಣ್ಣು ಹಕ್ಕಿ ಸೊರಗುತ್ತೆ, ಮೊಟ್ಟೆ ಸಿಕ್ಕಿಕೊಂಡು ಸಾಯೋದೂ ಉಂಟು.

ಹಕ್ಕಿ ಬಂದ ಮೇಲೆ

ಮೊದಲ ವಾರ ಏನೂ ಮಾಡಬೇಡಿ. ಇದೇ ಎಲ್ಲಕ್ಕಿಂತ ಕಷ್ಟ. ಕೈ ಹಾಕಬೇಡಿ, ಇಡೀ ಕ್ಲಾಸನ್ನ ಕರೆದು ತೋರಿಸಬೇಡಿ. ಹತ್ತಿರ ಕೂತು ಮೆಲ್ಲಗೆ ಮಾತಾಡಿ ಅಥವಾ ನಿಮ್ಮ ಪಾಠ ಜೋರಾಗಿ ಓದಿ. ನಮ್ಮ ಹಕ್ಕಿಗಳು ಮೂರನೇ ಸೆಮಿಸ್ಟರಿನ ಮ್ಯಾಥ್ಸ್ ಪೂರ್ತಿ ಕೇಳಿವೆ. ಎರಡನೇ ಹಕ್ಕಿಯನ್ನ ಆಮೇಲೆ ತರೋದಾದರೆ ಒಂದು ತಿಂಗಳು ಬೇರೆ ಪಂಜರದಲ್ಲಿ, ಬೇರೆ ರೂಮಿನಲ್ಲಿಟ್ಟು ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡು ಜೊತೆ ಬಿಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಈ ಹಕ್ಕಿಗಳಿಂದ ನಮಗೂ ಹರಡೋ ಶ್ವಾಸಕೋಶದ ಸೋಂಕು ಇದೆ.

ಪಂಜರ ಎಷ್ಟೇ ದೊಡ್ಡದಿದ್ದರೂ ದಿನಕ್ಕೆ ಒಂದಷ್ಟು ಹೊತ್ತು ರೂಮಲ್ಲಿ ಹಾರೋಕೆ ಬಿಡಬೇಕು. ಬಿಡೋ ಮೊದಲು ಕಿಟಕಿ ಮುಚ್ಚಿದೆಯಾ, ಬಕೆಟ್ಟಿಗೆ ಮುಚ್ಚಳ ಇದೆಯಾ, ಕನ್ನಡಿಗೆ ಬಟ್ಟೆ ಹಾಕಿದೆಯಾ ನೋಡಿಕೊಳ್ಳಿ. ಮತ್ತೆ ಫ್ಯಾನ್. ಸ್ವಿಚ್ ಆಫ್ ಅಂದ್ರೆ ಸಾಲದು. ನಾವು ಆ ರೂಮಿನ ಫ್ಯಾನಿನ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ ‘ಪಚ್ಚು’ ಅಂತ ಬರೆದಿದ್ದೀವಿ. ಬೇಸಿಗೆಯಲ್ಲಿ ಟೇಬಲ್ ಫ್ಯಾನ್ ತಂದು ಪಂಜರದ ದಿಕ್ಕಿಗಲ್ಲದೆ ಬೇರೆ ಕಡೆ ತಿರುಗಿಸಿ ಇಡ್ತೀವಿ. ಹಕ್ಕಿ ಹೊರಗಿದ್ದಾಗ ಅದೂ ಬಂದ್. ಹೊಸದಾಗಿ ಬಂದ ಗೆಳೆಯರು ಟೇಪ್ ನೋಡಿ ಪಚ್ಚು ಯಾರು ಅಂತ ಕೇಳ್ತಾರೆ. ಹೇಳ್ತೀವಿ.

ನಾಲ್ಕು ವರ್ಷದ ಡಿಗ್ರಿ, ಹತ್ತು ವರ್ಷದ ಹಕ್ಕಿ

ಕೊನೆಗೆ ನಿಜವಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ. ಚೆನ್ನಾಗಿ ನೋಡಿಕೊಂಡರೆ ಬಡ್ಜಿ 5ರಿಂದ 10 ವರ್ಷ ಬದುಕುತ್ತೆ. ನಮ್ಮ ಇಂಜಿನಿಯರಿಂಗ್ ನಾಲ್ಕು ವರ್ಷ. ಎರಡನೇ ವರ್ಷದಲ್ಲಿ ಹಕ್ಕಿ ತಂದವರು ಎಂಟನೇ ಸೆಮ್ ಮುಗಿದ ದಿನ ಅದನ್ನ ಎಲ್ಲಿ ಬಿಡ್ತೀರಿ? ಸೆಮಿಸ್ಟರ್ ರಜೆಗೆ ಎಲ್ಲರೂ ಊರಿಗೆ ಹೋದಾಗ ಬೆಳಗ್ಗೆ ಬಟ್ಟಲು ಊದೋರು ಯಾರು? ಪ್ಲೇಸ್‌ಮೆಂಟ್ ಆಗಿ ಒಬ್ಬ ಪುಣೆಗೆ, ಒಬ್ಬ ಹೈದರಾಬಾದಿಗೆ ಹೋದರೆ ಹಕ್ಕಿ ಯಾರದ್ದು?

ನಾವು ಎರಡನೇ ಸಲ ಹಕ್ಕಿ ತರೋ ಮುಂಚೆ ಇದನ್ನ ಕೂತು ಬರೆದುಕೊಂಡೆವು. ರಜೆಯಲ್ಲಿ ಪಾಳಿ, ಒಬ್ಬರಾದರೂ ಒಂದು ವಾರ ತಡವಾಗಿ ಊರಿಗೆ ಹೋಗೋದು, ಇನ್ನೊಬ್ಬರು ಒಂದು ವಾರ ಮೊದಲು ಬರೋದು, ನಡುವಿನ ದಿನಗಳಿಗೆ ಮನೆ ಓನರ್ ಆಂಟಿ. ಡಿಗ್ರಿ ಮುಗಿದ ಮೇಲೆ ಹಕ್ಕಿ, ಪಂಜರ ಎರಡೂ ಸಿವಿಲ್‌ನವನ ಮನೆಗೆ. ಅವರ ಅಮ್ಮನನ್ನ ಫೋನಿನಲ್ಲಿ ಕೇಳಿದೆವು. ‘ನವಣೆ ಹೆಂಗೂ ಮನೇಲೈತೆ, ತಗಂಬರ್ರಿ’ ಅಂದರು. ಆ ಮಾತು ಸಿಕ್ಕ ಮೇಲೇ ಹಕ್ಕಿ ತಂದದ್ದು.

ನಿಮಗೆ ಅಂಥ ಒಬ್ಬರು ಇನ್ನೂ ಸಿಕ್ಕಿಲ್ಲ ಅಂದ್ರೆ ಸದ್ಯಕ್ಕೆ ಹಕ್ಕಿ ತರಬೇಡಿ. ಇದರಲ್ಲಿ ಸೋತಹಾಗೇನಿಲ್ಲ. ಹಾಸ್ಟೆಲ್ ಟೆರೇಸಿನಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಏಪ್ರಿಲ್ ಬಿಸಿಲಲ್ಲಿ ನಿಮ್ಮದೇ ಕ್ಯಾಂಪಸ್ಸಿನ ಗಿಳಿ, ಮೈನಾ, ಪಿಕಳಾರ ಎಲ್ಲ ಬರ್ತವೆ. ಪಂಜರದ ಖರ್ಚೂ ಇಲ್ಲ.

ಒಬ್ಬರು ಸಿಕ್ಕಿದ್ದಾರೆ, ತರೋದೇ ಅಂತ ತೀರ್ಮಾನ ಆಗಿದೆ ಅಂದ್ರೆ ಮೊದಲು ಪಂಜರ ತಂದು ಜೋಡಿಸಿ. ಹಕ್ಕಿ ಇಲ್ಲದೆ ಒಂದು ವಾರ ಹಾಗೇ ಬಿಡಿ. ಬಿಸಿಲು ಎಲ್ಲಿಯವರೆಗೆ ಬರುತ್ತೆ, ಇರುವೆ ಎಲ್ಲಿಂದ ಬರುತ್ತೆ, ಬೆಳಗ್ಗೆ ನೀರು ಬದಲಿಸೋಕೆ ನಿಜವಾಗಿ ಯಾರು ಏಳ್ತಾರೆ, ಎಲ್ಲ ಗೊತ್ತಾಗುತ್ತೆ. ಕಂಬಿ ಅಂತರದ ಬಗ್ಗೆ ಅನುಮಾನ ಇದ್ದರೆ ಕನ್ನಡ ಸಂಘದ ರೂಮಿನಲ್ಲಿ ನಮ್ಮನ್ನ ಕೇಳಿ. ವರ್ನಿಯರ್ ತಗೊಂಡು ಅಂಗಡಿಗೆ ನಾವೇ ಬರ್ತೀವಿ, ಜೊತೆಗೆ ಬಾಗಿಲಿಗೆ ಹಾಕೋಕೆ ಒಂದು ಕ್ಲಿಪ್ಪೂ ತರ್ತೀವಿ.